ನರಗಳ ರೋಗವೂ ರೋಗಿಯ ನುಡಿಯೂ

ಮಧುಮೇಹವು ಸಿರಿವಂತರ ಮನೆಯ ಕಾಯಿಲೆಯೆಂದು ಜನರು ಹೇಳುತ್ತಿದ್ದ ಕಾಲವು ಕಳೆದುಹೋಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ಈ ರೋಗವುಳ್ಳವರ ಸಂಖ್ಯೆಯನ್ನು 10 ಕೋಟಿಗೂ ಮಿಗಿಲೆಂದು ಗಣಿಸಿದೆ. ಹೊಲದಲ್ಲಿ ದುಡಿಯುವವನು, ಅಂಗಡಿಯಲ್ಲಿ ಕುಳಿತವನು, ಕಚೇರಿಯ ಗುಮಾಸ್ತ, ಮನೆಯೊಳಗಿನ ಗೃಹಿಣಿ, ಯಾರೂ ಇದಕ್ಕೆ ಹೊರತಲ್ಲ. ರಕ್ತದಲ್ಲಿನ ಸಕ್ಕರೆಯನ್ನು ಅಳೆಯುವ ಸಣ್ಣ ಯಂತ್ರವು ಇಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೂ ಇರುವುದು, ಗುಳಿಗೆಯೂ ದೊರೆಯುವುದು. ಇವೆಲ್ಲವೂ ಸಂತೋಷದ ಸಂಗತಿಗಳೇ ಸರಿ. ಆದರೆ ಬೆಳಗಿನಿಂದ ಸಾಲಿನಲ್ಲಿ ನಿಂತು, ಚೀಟಿ ಬರೆಯಿಸಿಕೊಂಡು, ಗುಳಿಗೆ ಕಟ್ಟಿಸಿಕೊಂಡು ಮನೆಗೆ ಹಿಂತಿರುಗುವ ರೋಗಿಯನ್ನು “ನಿಮ್ಮ ಅಂಗಾಲು ಹೇಗಿದೆ?” ಎಂದು ಕೇಳಿದವರು ಎಷ್ಟು ಮಂದಿ? ಈ ಪ್ರಶ್ನೆಯನ್ನು ನಾವು ಆರೋಗ್ಯ ಇಲಾಖೆಯ ಮುಂದೆಯೂ ನಮ್ಮ ವಾಚಕರ ಮುಂದೆಯೂ ಇಡಬಯಸುತ್ತೇವೆ.

ಇದು ಕ್ಷುಲ್ಲಕವಾದ ಪ್ರಶ್ನೆಯಲ್ಲ. ಮಧುಮೇಹವು ಕಣ್ಣನ್ನೂ ಮೂತ್ರಪಿಂಡವನ್ನೂ ಕೆಡಿಸುವಂತೆಯೇ ನರಗಳನ್ನೂ ಕೆಡಿಸುತ್ತದೆ. ದೇಹದಲ್ಲಿ ಅತಿ ಉದ್ದವಾದ ನರಗಳು ಬೆನ್ನುಹುರಿಯ ಬಳಿಯಿಂದ ಹೊರಟು ಕಾಲ್ಬೆರಳುಗಳ ತುದಿಯನ್ನು ಮುಟ್ಟುತ್ತವೆ. ಪೋಷಣೆಯು ಕುಂದಿದಾಗ ಈ ಉದ್ದದ ನರಗಳೇ, ಅದರಲ್ಲಿಯೂ ಅವುಗಳ ತುದಿಗಳೇ, ಮೊದಲು ಬಾಡುತ್ತವೆ. ಆದುದರಿಂದ ರೋಗವು ಎರಡು ಪಾದಗಳ ಬೆರಳುಗಳಲ್ಲಿ ಸಮನಾಗಿ ತಲೆದೋರಿ, ಕಾಲುಚೀಲವನ್ನು ತೊಟ್ಟಂತೆ ಮೆಲ್ಲಮೆಲ್ಲನೆ ಮೇಲಕ್ಕೇರುತ್ತದೆ. ಮೊಣಕಾಲಿನ ಸಮೀಪಕ್ಕೆ ಬರುವ ಹೊತ್ತಿಗೆ ಕೈಬೆರಳುಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಒಬ್ಬನಿಗೆ ಅಂಗಾಲು ಉರಿ. ಮತ್ತೊಬ್ಬನಿಗೆ ಸೂಜಿ ಚುಚ್ಚಿದಂತೆ, ಇರುವೆ ಹರಿದಂತೆ. ಇನ್ನೊಬ್ಬನಿಗೆ ಹತ್ತಿಯ ಮೇಲೆ ನಡೆದಂತೆ. ಚಪ್ಪಲಿಯು ಕಾಲಿನಿಂದ ಕಳಚಿ ಹಿಂದೆ ಬಿದ್ದುದೂ ತಿಳಿಯದೆ ನಾಲ್ಕು ಹೆಜ್ಜೆ ಮುಂದೆ ಹೋಗಿಬಿಡುವವರುಂಟು. ಉರಿಯೂ ನೋವೂ ಇದ್ದವನು ಒಂದು ವಿಧದಲ್ಲಿ ಭಾಗ್ಯಶಾಲಿ. ಅವನು ವೈದ್ಯನನ್ನು ಹುಡುಕಿಕೊಂಡು ಹೋಗುವನು. ನೋವೇ ಇಲ್ಲದವನ ಸ್ಥಿತಿಯೇ ಭಯಂಕರವಾದುದು. ಕಾಲಿಗೆ ಮುಳ್ಳು ನೆಟ್ಟರೆ ಅವನಿಗೆ ತಿಳಿಯದು. ಕಾದ ರಸ್ತೆ ಸುಟ್ಟರೆ ತಿಳಿಯದು. ಹುಣ್ಣಾಗಿ ಕೀವು ತುಂಬಿ ವಾಸನೆ ಬಂದಾಗಲೇ ಮನೆಯವರಿಗೆ ಗೊತ್ತಾಗುವುದು. ಆಸ್ಪತ್ರೆಗೆ ಹೋದರೆ ಬೆರಳನ್ನೋ ಪಾದವನ್ನೋ ಕತ್ತರಿಸದೆ ಗತಿಯಿಲ್ಲವೆನ್ನುವರು. ದುಡಿದು ತಿನ್ನುವವನ ಕಾಲು ಹೋಯಿತೆಂದರೆ ಮನೆಯ ಒಲೆಯೇ ಆರಿದಂತೆ.

ಚೆನ್ನೈ ನಗರದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಮಧುಮೇಹಿಗಳ ಪಾದಕ್ಕೆ ಕಂಪನವು ತಿಳಿಯುವುದೇ ಎಂದು ಯಂತ್ರದಿಂದ ಪರೀಕ್ಷಿಸಿದಾಗ, ನೂರಕ್ಕೆ ಸುಮಾರು 26 ಮಂದಿಯಲ್ಲಿ ನರಗಳ ಹಾನಿಯು ಕಂಡುಬಂದಿತು. ನಾಲ್ವರಲ್ಲಿ ಒಬ್ಬರಿಗೆ ಎಂದಾಯಿತು. ಇಷ್ಟು ವ್ಯಾಪಕವಾದ, ಇಷ್ಟು ಮೌನವಾದ ರೋಗವನ್ನು ಮೊದಲೇ ಗುರುತಿಸುವ ಉಪಾಯವು ಅಗ್ಗವಾಗಿರಬೇಕು, ಸುಲಭವಾಗಿರಬೇಕು, ಎಲ್ಲ ಕಡೆಯೂ ಸಾಧ್ಯವಾಗಿರಬೇಕು. ಅಂತಹ ಉಪಾಯವೊಂದು ಇದೆ. ಅದೇ ಕ್ರಮಬದ್ಧವಾದ ಪ್ರಶ್ನಾವಳಿ.

ರೋಗಿಯನ್ನು ಪರೀಕ್ಷಿಸಲು ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ದ್ವಾರಗಳನ್ನು ವಾಗ್ಭಟನು ಹೇಳಿರುವನು. ಪ್ರಮೇಹವು ಬಲಿಯುವ ಮುನ್ನವೇ ಕೈಕಾಲುಗಳಲ್ಲಿ ಉರಿಯೂ ಮರಗಟ್ಟುವಿಕೆಯೂ ತೋರುವುದೆಂಬ ಮಾತು ಚರಕಸಂಹಿತೆಯಲ್ಲಿ ಬಂದಿದೆ. ಪ್ರಾಚೀನರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಹೊಗಳಿಕೊಳ್ಳುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ನರವೆಂದರೇನು, ಅದು ಕೆಡುವುದು ಹೇಗೆ ಎಂಬುದನ್ನು ತಿಳಿಸಿಕೊಟ್ಟದ್ದು ಆಧುನಿಕ ಶಾಸ್ತ್ರವೇ. ಆದರೆ ರೋಗಿಯ ಬಾಯಿಂದ ಬರುವ ಮಾತೂ ಒಂದು ಸಾಕ್ಷ್ಯವೆಂಬ ವಿವೇಕವು ನಮಗೆ ಹೊಸದಲ್ಲ. ಹೊಸದಾಗಿ ಬಂದಿರುವುದು ಆ ವಿವೇಕದ ಮರೆವು. ಒಂದು ಹೊತ್ತಿನಲ್ಲಿ ನೂರಾರು ರೋಗಿಗಳನ್ನು ನೋಡಬೇಕಾದ ಡಾಕ್ಟರಿಗೆ ಪ್ರಶ್ನೆ ಕೇಳಲು ವ್ಯವಧಾನವೆಲ್ಲಿಯದು? ಪ್ರಯೋಗಾಲಯದ ಚೀಟಿಯಲ್ಲಿನ ಅಂಕಿಯನ್ನು ನೋಡಿ ಔಷಧವನ್ನು ಬರೆಯುವುದೇ ವಾಡಿಕೆಯಾಗಿದೆ. ಮೂರು ದ್ವಾರಗಳಲ್ಲಿ ಮೂರನ್ನೂ ಮುಚ್ಚಿ ನಾಲ್ಕನೆಯದೊಂದನ್ನು ಮಾತ್ರ ತೆರೆದಿಟ್ಟಂತಾಗಿದೆ.

ಪಾಶ್ಚಾತ್ಯ ವೈದ್ಯರು ಈ ಕೊರತೆಯನ್ನು ತಮ್ಮಲ್ಲಿಯೂ ಕಂಡುಕೊಂಡು, ಪ್ರಶ್ನೆಗೇ ಒಂದು ಅಳತೆಯನ್ನು ಕೊಟ್ಟರು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು 1994ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 15 ಪ್ರಶ್ನೆಗಳಿವೆ. ಕಾಲು ಮರಗಟ್ಟುವುದೇ? ಪಾದಗಳಲ್ಲಿ ಉರಿಯುಂಟೇ? ಹೊದಿಕೆಯು ತಗುಲಿದರೂ ನೋವಾಗುವುದೇ? ಬಾಧೆಯು ರಾತ್ರಿಯಲ್ಲಿ ಹೆಚ್ಚುವುದೇ? ನಡೆಯುವಾಗ ಪಾದವು ನೆಲದ ಮೇಲಿರುವುದು ತಿಳಿಯುವುದೇ? ಚರ್ಮವು ಒಣಗಿ ಬಿರಿಯುವುದೇ? ಎಂದು ಮುಂತಾಗಿ ಕೇಳಿ, ಹೌದು ಅಥವಾ ಅಲ್ಲ ಎಂಬ ಉತ್ತರವನ್ನು ಗುರುತು ಹಾಕಿ ಅಂಕವನ್ನು ಎಣಿಸುವರು. ಇಂಗ್ಲೆಂಡಿನಲ್ಲಿ 2001ರಲ್ಲಿಯೂ ಫ್ರಾನ್ಸಿನಲ್ಲಿ 2005ರಲ್ಲಿಯೂ ಜರ್ಮನಿಯಲ್ಲಿ 2006ರಲ್ಲಿಯೂ ಬೇರೆಬೇರೆ ಪಟ್ಟಿಗಳು ಪ್ರಕಟವಾದವು. ಫ್ರಾನ್ಸಿನ ‘ಡಿಎನ್4’ ಎಂಬ ಪಟ್ಟಿಯಲ್ಲಿ ಹತ್ತು ಅಂಶಗಳು: ಏಳನ್ನು ಕೇಳಿ ತಿಳಿಯಬೇಕು, ಮೂರನ್ನು ಮುಟ್ಟಿ ತಿಳಿಯಬೇಕು. ಹತ್ತರಲ್ಲಿ ನಾಲ್ಕು ಬಂದರೆ ನೋವು ನರದ್ದಾಗಿರಬಹುದೆಂದು ಶಂಕಿಸಬೇಕು. ಇವುಗಳಿಗೆ ವಿದ್ಯುತ್ತು ಬೇಡ, ದುಬಾರಿಯಾದ ಯಂತ್ರ ಬೇಡ. ಒಂದು ಹಾಳೆಯೂ ಕೆಲವು ನಿಮಿಷಗಳ ತಾಳ್ಮೆಯೂ ಇದ್ದರೆ ಸಾಕು.

ಅನುಭವವುಳ್ಳ ವೈದ್ಯನು ತಾನೇ ಪ್ರಶ್ನೆಗಳನ್ನು ಕೇಳಬಲ್ಲನಷ್ಟೆ, ಅಚ್ಚುಹಾಕಿಸಿದ ಕಾಗದವೇಕೆ ಎಂದು ಕೆಲವರು ಆಕ್ಷೇಪಿಸುವರು. ಈ ಆಕ್ಷೇಪಣೆಗೆ ಉತ್ತರವು ಕಠಿಣವಲ್ಲ. ಒಳ್ಳೆಯ ವೈದ್ಯನೂ ಆಯಾಸಗೊಂಡ ದಿನ ಒಂದೆರಡು ಪ್ರಶ್ನೆಗಳನ್ನು ಮರೆಯುವನು, ಕಾಗದವು ಮರೆಯದು. ಒಬ್ಬನೇ ರೋಗಿಯನ್ನು ಈ ವರ್ಷ ಒಬ್ಬ ವೈದ್ಯನೂ ಮುಂದಿನ ವರ್ಷ ಮತ್ತೊಬ್ಬನೂ ನೋಡಿದರೆ, ಇಬ್ಬರೂ ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿದ್ದಾಗ ಮಾತ್ರ ರೋಗವು ಹೆಚ್ಚಿತೋ ತಗ್ಗಿತೋ ಹೇಳಲಾದೀತು. ಇದಕ್ಕಿಂತಲೂ ಮುಖ್ಯವಾದುದು ಮತ್ತೊಂದುಂಟು. ನಮ್ಮ ರೋಗಿಯು ತಾನಾಗಿ ಇದನ್ನು ಹೇಳುವುದೇ ಇಲ್ಲ. ಅಂಗಾಲು ಉರಿದರೆ ಮೈಗೆ ಉಷ್ಣವಾಯಿತೆಂದು ಹರಳೆಣ್ಣೆ ಹಚ್ಚಿಕೊಳ್ಳುವನು. ಮರಗಟ್ಟಿದರೆ ವಯಸ್ಸಾಯಿತೆಂದೋ ವಾಯುವೆಂದೋ ಸುಮ್ಮನಿರುವನು. ಸಕ್ಕರೆಯ ಕಾಯಿಲೆಗೂ ಅಂಗಾಲಿಗೂ ಸಂಬಂಧವುಂಟೆಂಬುದೇ ಅವನಿಗೆ ತಿಳಿಯದು. ಕೇಳದೆ ಹೇಳದ ಸಂಗತಿಯನ್ನು ಕೇಳಿಯೇ ಹೊರಡಿಸಬೇಕು.

ಇನ್ನು ಕೆಲವರು ನರಗಳನ್ನು ಪರೀಕ್ಷಿಸುವ ವಿದ್ಯುದ್ಯಂತ್ರಗಳಿರುವಾಗ ಬಾಯಿಮಾತನ್ನು ನಂಬುವುದೇಕೆ ಎನ್ನಬಹುದು. ಯಂತ್ರಕ್ಕೂ ಮಿತಿಯುಂಟೆಂಬುದನ್ನು ಇಂತಹವರು ಲಕ್ಷ್ಯದಲ್ಲಿಡಬೇಕು. ನರದೊಳಗೆ ದಪ್ಪ ತಂತುಗಳೂ ಸಣ್ಣ ತಂತುಗಳೂ ಇವೆ. ಕಂಪನವನ್ನೂ ಅಂಗದ ಸ್ಥಾನವನ್ನೂ ತಿಳಿಸುವುವು ದಪ್ಪವಾದವು. ನೋವನ್ನೂ ಬಿಸಿಯನ್ನೂ ತಿಳಿಸುವುವು ಸಣ್ಣವು. ವಿದ್ಯುತ್ತನ್ನು ಹರಿಸಿ ನರದ ವೇಗವನ್ನು ಅಳೆಯುವ ಸಾಮಾನ್ಯ ಪರೀಕ್ಷೆಯು ದಪ್ಪ ತಂತುಗಳನ್ನು ಮಾತ್ರ ಕಾಣಬಲ್ಲದು. ಸಣ್ಣ ತಂತುಗಳು ಮಾತ್ರ ಕೆಟ್ಟಿದ್ದರೆ ಯಂತ್ರವು ‘ಎಲ್ಲವೂ ಸರಿ’ ಎನ್ನುವುದು. ರೋಗಿಯು ರಾತ್ರಿಯಿಡೀ ಉರಿಯಿಂದ ನಿದ್ರೆಯಿಲ್ಲದೆ ಹೊರಳುತ್ತಿರುವನು. ಯಂತ್ರದ ಚೀಟಿಯನ್ನು ನಂಬಿ ರೋಗಿಯನ್ನು ಸುಳ್ಳುಗಾರನನ್ನಾಗಿ ಮಾಡುವುದು ಯಾವ ನ್ಯಾಯ? ಅಲ್ಲದೆ ಈ ಯಂತ್ರವೂ ಅದನ್ನು ಬಲ್ಲ ತಜ್ಞನೂ ದೊಡ್ಡ ಪಟ್ಟಣಗಳಲ್ಲಿರುವರೇ ಹೊರತು, ಹೋಬಳಿಯ ರೈತನಿಗೆ ಅದು ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಬೇಡುವ ಸಂಗತಿ.

ಹೀಗೆಂದ ಮಾತ್ರಕ್ಕೆ ಪ್ರಶ್ನಾವಳಿಯೇ ಸರ್ವಸ್ವವೆಂದು ಸಾರುವವರ ಪಂಗಡಕ್ಕೆ ನಾವು ಸೇರಿದವರಲ್ಲ. ಅಂಕವು ಶಂಕೆಯನ್ನು ಹುಟ್ಟಿಸಬಲ್ಲುದು, ರೋಗವನ್ನು ನಿರ್ಣಯಿಸಲಾರದು. ಫ್ರಾನ್ಸಿನ ಆ ಪಟ್ಟಿಯನ್ನೇ ತೆಗೆದುಕೊಳ್ಳೋಣ. ಅದನ್ನು ರಚಿಸಿದವರ ಮೊದಲ ಪರೀಕ್ಷೆಯಲ್ಲಿ ನರದ ನೋವುಳ್ಳ ನೂರು ಮಂದಿಯಲ್ಲಿ ಸುಮಾರು 83 ಮಂದಿಯನ್ನು ಅದು ಹಿಡಿಯಿತು. ನೋವು ಬೇರೆ ಕಾರಣದ್ದಾಗಿದ್ದ ನೂರು ಮಂದಿಯಲ್ಲಿ ಸುಮಾರು 90 ಮಂದಿಯನ್ನು ಸರಿಯಾಗಿ ಬಿಟ್ಟುಕೊಟ್ಟಿತು. ಇದು ಪ್ರಶಂಸನೀಯವೇ. ಆದರೆ ಲೆಕ್ಕ ಹಾಕಿ ನೋಡಿದರೆ ಬೇರೊಂದು ಮುಖವೂ ಕಾಣುವುದು. ಕಾಲುನೋವೆಂದು ಬಂದ 1000 ಮಂದಿಯಲ್ಲಿ 200 ಮಂದಿಗೆ ಮಾತ್ರ ನರದ ನೋವಿದೆಯೆಂದು ಎಣಿಸೋಣ. ಪಟ್ಟಿಯು ಇವರಲ್ಲಿ 166 ಮಂದಿಯನ್ನು ಹಿಡಿದು 34 ಮಂದಿಯನ್ನು ಬಿಡುವುದು. ಉಳಿದ 800ರಲ್ಲಿ 80 ಮಂದಿಯನ್ನು ತಪ್ಪಾಗಿ ಸೇರಿಸಿಕೊಳ್ಳುವುದು. ಪಟ್ಟಿಯು ತೋರಿಸಿದ 246 ಮಂದಿಯಲ್ಲಿ ಮೂರರಲ್ಲಿ ಒಂದು ಪಾಲು ನರದ ರೋಗಿಗಳೇ ಅಲ್ಲ! ಮೊಣಕಾಲಿನ ಸವೆತ, ರಕ್ತನಾಳದ ಅಡಚಣೆ, ಬೆನ್ನಿನ ತೊಂದರೆ ಮೊದಲಾದವುಗಳು ನರರೋಗದ ವೇಷವನ್ನು ತೊಟ್ಟು ಬರುತ್ತವೆ. ಅಂಕವನ್ನು ನೋಡಿದೊಡನೆ ಗುಳಿಗೆ ಬರೆದುಬಿಡುವ ಆಸ್ಪತ್ರೆಯು ಈ 80 ಮಂದಿಗೆ ವೃಥಾ ಔಷಧವನ್ನು ತಿನ್ನಿಸುವುದು.

ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದರಲ್ಲಿಯೂ ವಿದ್ವಾಂಸರ ಮಾತು ಸ್ಥಿರವಾಗಿ ನಿಂತಿಲ್ಲ. ಮಿಷಿಗನ್ ಪಟ್ಟಿಯಲ್ಲಿ ಏಳು ಅಂಕಗಳಾದರೆ ರೋಗವುಂಟೆಂದು ಮೊದಲು ಹೇಳಿದರು. 2012ರಲ್ಲಿ ಪ್ರಕಟವಾದ ವಿಮರ್ಶೆಯು ನಾಲ್ಕಕ್ಕೆ ಇಳಿಸುವುದು ಉತ್ತಮವೆಂದಿತು. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ಮಧುಮೇಹದಿಂದ ನರಗಳು ಕೆಟ್ಟವರಲ್ಲಿ ಅರ್ಧದಷ್ಟು ಮಂದಿಗೆ ಯಾವ ಬಾಧೆಯೂ ಇಲ್ಲದಿರಬಹುದು. ಉರಿಯುಂಟೇ ಎಂದರೆ ಇಲ್ಲವೆನ್ನುವರು. ನೋವುಂಟೇ ಎಂದರೂ ಇಲ್ಲವೆನ್ನುವರು. ಅವರು ಹೇಳುವುದು ಸತ್ಯವೇ. ಆದರೆ ಅವರ ಪಾದವೇ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವುದು. ನೋವಿನ ಬಗೆಯನ್ನು ತಿಳಿಯಲು ರಚಿಸಿದ ಪಟ್ಟಿಯನ್ನು ನೋವಿಲ್ಲದವನ ಮುಂದೆ ಇಟ್ಟರೆ ಫಲವೇನು? ಯಾವ ಕೆಲಸಕ್ಕೆ ಯಾವ ಪಟ್ಟಿ ಎಂಬ ವಿವೇಚನೆಯಿಲ್ಲದೆ ಹಾಳೆಗಳನ್ನು ತುಂಬಿಸುವುದರಿಂದ ಕಡತಗಳು ಬೆಳೆಯುವುವೇ ಹೊರತು ಪಾದಗಳು ಉಳಿಯುವುದಿಲ್ಲ.

ಆದುದರಿಂದ ಪ್ರಶ್ನದ ಬೆನ್ನಿಗೇ ಸ್ಪರ್ಶನವು ಬರಬೇಕು. ಇದಕ್ಕೂ ಹೆಚ್ಚಿನ ಸಾಮಗ್ರಿಯು ಬೇಕಿಲ್ಲ. ಹತ್ತು ಗ್ರಾಮಿನಷ್ಟು ಒತ್ತಡಕ್ಕೆ ಬಾಗುವ ನೈಲಾನಿನ ಎಳೆಯೊಂದನ್ನು ಅಂಗಾಲಿಗೆ ತಾಗಿಸಿ, ತಿಳಿಯಿತೇ ಎಂದು ಕೇಳುವುದು ಒಂದು; ಸೆಕೆಂಡಿಗೆ 128 ಸಲ ಕಂಪಿಸುವ ಶ್ರುತಿಕವೆಯನ್ನು ಹೆಬ್ಬೆರಳಿನ ಗೆಣ್ಣಿನ ಮೇಲಿಟ್ಟು ಕೇಳುವುದು ಇನ್ನೊಂದು. ಇವೂ ಇಲ್ಲದ ಕಡೆ ಬರಿಯ ಬೆರಳೇ ಸಾಕು. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಹೆಸರಿನಿಂದ 2011ರಲ್ಲಿ ಪ್ರಕಟವಾದ ವಿಧಾನದಂತೆ, ರೋಗಿಯು ಕಣ್ಣು ಮುಚ್ಚಿಕೊಂಡಿರುವಾಗ ಎರಡೂ ಪಾದಗಳ ಒಂದನೆಯ, ಮೂರನೆಯ, ಐದನೆಯ ಬೆರಳುಗಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳುಗಳಲ್ಲಿ ಸ್ಪರ್ಶವು ತಿಳಿಯದಿದ್ದರೆ ಅಪಾಯವುಂಟೆಂದು ಅರಿಯಬೇಕು. ಮನೆಯ ಮಗನೋ ಸೊಸೆಯೋ ಇದನ್ನು ಮಾಡಬಲ್ಲರು.

ಆ ನೈಲಾನಿನ ಎಳೆಯ ಹಿಂದೆ ನಮ್ಮ ಸೀಮೆಗೆ ಸಂಬಂಧಿಸಿದ ಚರಿತ್ರೆಯೊಂದುಂಟು. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಜನಿಸಿದ ಡಾಕ್ಟರ್ ಪಾಲ್ ಬ್ರಾಂಡ್ ಎಂಬವರು ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿ ತೊಡಗಿದ್ದಾಗ, ಈ ರೋಗಿಗಳ ಕೈಕಾಲುಗಳು ಸವೆದುಹೋಗುವುದಕ್ಕೆ ಮುಖ್ಯ ಕಾರಣವು ಮಾಂಸವು ತಾನೇ ಕೊಳೆಯುವುದಲ್ಲ, ನೋವು ತಿಳಿಯದೆ ಮತ್ತೆಮತ್ತೆ ಆಗುವ ಪೆಟ್ಟು ಎಂಬುದನ್ನು ಮನಗಂಡು ಸಾರಿದರು. ಮುಂದೆ ಅವರು ಅಮೆರಿಕದ ಕಾರ್ವಿಲ್ ಎಂಬಲ್ಲಿನ ಕುಷ್ಠರೋಗಾಲಯಕ್ಕೆ ಹೋದರು. ಪಾದವನ್ನು ಕಾಪಾಡಲು ಎಷ್ಟು ಒತ್ತಡದ ಸ್ಪರ್ಶವು ತಿಳಿಯಬೇಕೆಂಬುದನ್ನು ಎಳೆಗಳಿಂದ ಅಳೆದು, ಹತ್ತು ಗ್ರಾಮಿನ ಗೆರೆಯನ್ನು 1986ರಲ್ಲಿ ಪ್ರಕಟಿಸಿದುದು ಅದೇ ಕಾರ್ವಿಲ್ಲಿನಲ್ಲಿ. ಇಂದು ಲೋಕದ ಮಧುಮೇಹ ಚಿಕಿತ್ಸಾಲಯಗಳಲ್ಲೆಲ್ಲ ಆ ಎಳೆಯೇ ಪ್ರಮಾಣ. ಬಡ ಕುಷ್ಠರೋಗಿಗಳ ಪಾದಗಳಿಂದ ಕಲಿತ ಪಾಠವು ಸಿರಿವಂತ ದೇಶಗಳ ಪಾದಗಳನ್ನು ಉಳಿಸುತ್ತಿರುವಾಗ, ಆ ಪಾಠವು ಮೊದಲಾದ ಸೀಮೆಯ ತಾಲ್ಲೂಕು ಆಸ್ಪತ್ರೆಗಳು ಅದರಲ್ಲಿ ಹಿಂದೆ ಬೀಳುವುದು ನಾಚಿಕೆಯ ಮಾತಲ್ಲವೇ?

ಇನ್ನು ಭಾಷೆಯ ವಿಚಾರ. ಇದನ್ನು ನಾವು ಅಭಿಮಾನದ ಮಾತಾಗಿ ಎತ್ತುತ್ತಿಲ್ಲ. ರೋಗನಿದಾನದ ಮಾತಾಗಿಯೇ ಎತ್ತುತ್ತಿದ್ದೇವೆ. ರಕ್ತದ ಪರೀಕ್ಷೆಗೆ ಭಾಷೆಯಿಲ್ಲ. ಪ್ರಶ್ನಾವಳಿಗೆ ಭಾಷೆಯೇ ಉಪಕರಣ. ಉಪಕರಣವು ಮೊಂಡಾದರೆ ಅಳತೆಯು ಸುಳ್ಳಾಗುವುದು. ಮಿಷಿಗನ್ನಿನ ಪಟ್ಟಿಯು ಸ್ನಾನದ ತೊಟ್ಟಿಗೆ ಇಳಿಯುವಾಗ ಬಿಸಿನೀರು ತಣ್ಣೀರುಗಳ ಭೇದವು ಪಾದಕ್ಕೆ ತಿಳಿಯುವುದೇ ಎಂದು ಕೇಳುತ್ತದೆ. ಹಂಡೆಯಿಂದ ಚೊಂಬಿನಲ್ಲಿ ಮೊಗೆದು ತಲೆಯ ಮೇಲೆ ಹೊಯ್ದುಕೊಳ್ಳುವ ನಮ್ಮವನಿಗೆ ನೀರಿನ ಬಿಸಿಯು ಮೊದಲು ಕೈಗೆ ತಿಳಿಯುವುದು. ಪಾದದ ಗತಿಯು ಈ ಪ್ರಶ್ನೆಯಿಂದ ಹೊರಬೀಳದು. ‘ಜೋಮು ಹಿಡಿಯುವುದೇ?’ ಎಂದು ಕೇಳಿದರೆ ಹೌದೆನ್ನದವನಾರು? ಊಟದ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತೆದ್ದವರಿಗೆಲ್ಲ ಜೋಮು ಹಿಡಿಯುವುದು. ‘ಕಾಲು ಮಡಿಸಿ ಕುಳಿತಿರದೆ ಸುಮ್ಮನೆ ಇರುವಾಗಲೂ ಜೋಮು ಬರುವುದೇ?’ ಎಂದು ಕೇಳಬೇಕು. ‘ನರದ ತೊಂದರೆಯುಂಟೇ?’ ಎಂದರಂತೂ ಅನರ್ಥವೇ. ಜನರ ಬಾಯಲ್ಲಿ ‘ನರ’ವೆಂದರೆ ಕೈಯ ಮೇಲೆ ಉಬ್ಬಿ ಕಾಣುವ ರಕ್ತನಾಳವೂ ಹೌದು, ‘ನರದೌರ್ಬಲ್ಯ’ವೆಂದರೆ ಗೋಡೆಗಳ ಮೇಲಿನ ಜಾಹೀರಾತುಗಳಿಂದಾಗಿ ಪುರುಷರು ಬಾಯಿಬಿಡಲು ನಾಚುವ ಬೇರೆಯೇ ವಿಷಯ.

ಇನ್ನೂ ಒಂದು ತೊಡಕುಂಟು. ಮಿಷಿಗನ್ ಪಟ್ಟಿಯ ಹೆಚ್ಚಿನ ಪ್ರಶ್ನೆಗಳಲ್ಲಿ ‘ಹೌದು’ ಎಂಬುದೇ ರೋಗದ ಲಕ್ಷಣ. ಎರಡರಲ್ಲಿ ಮಾತ್ರ ‘ಇಲ್ಲ’ ಎಂಬುದು ಲಕ್ಷಣ. ಎರಡು ಪ್ರಶ್ನೆಗಳನ್ನು ಅಂಕಕ್ಕೆ ಸೇರಿಸುವಂತೆಯೇ ಇಲ್ಲ. ಇದನ್ನು ಅರಿಯದೆ ಹೌದುಗಳನ್ನು ಮಾತ್ರ ಎಣಿಸಿದರೆ ಲೆಕ್ಕವು ತಲೆಕೆಳಗಾಗುವುದು. ಆದುದರಿಂದ ಇಂಗ್ಲಿಷಿನ ಹಾಳೆಯನ್ನು ಕಚೇರಿಯಲ್ಲಿ ಕುಳಿತು ಪದಕ್ಕೆ ಪದವಿಟ್ಟು ಅನುವಾದಿಸಿದರೆ ಸಾಲದು. ವೈದ್ಯರೂ ಭಾಷೆಯನ್ನು ಬಲ್ಲವರೂ ಕೂಡಿ ಕನ್ನಡಿಸಬೇಕು. ಬೇರೊಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ತಂದು ಅರ್ಥವು ಉಳಿಯಿತೇ ಎಂದು ಒರೆ ಹಚ್ಚಬೇಕು. ಧಾರವಾಡದಲ್ಲಿಯೂ ಕಲಬುರಗಿಯಲ್ಲಿಯೂ ಮಂಗಳೂರಿನಲ್ಲಿಯೂ ಚಾಮರಾಜನಗರದಲ್ಲಿಯೂ ರೋಗಿಗಳಿಗೆ ಓದಿ ಹೇಳಿ, ಎಲ್ಲಿ ತಡವರಿಸಿದರೆಂದು ನೋಡಬೇಕು. ಕೊನೆಯಲ್ಲಿ ಪಾದದ ಪರೀಕ್ಷೆಯ ಫಲದೊಡನೆ ಹೋಲಿಸಿ, ನಮ್ಮವರಿಗೆ ತಕ್ಕ ಗೆರೆಯನ್ನು ಎಳೆಯಬೇಕು. ಅಕ್ಷರ ಬಾರದವರಿಗೆ ಹಾಳೆಯನ್ನು ಕೈಗೆ ಕೊಡದೆ ಪ್ರಶ್ನೆಗಳನ್ನು ಓದಿ ಹೇಳುವ ಏರ್ಪಾಡೂ ಇರಬೇಕು.

ಇದೆಲ್ಲವೂ ನಮ್ಮಿಂದಾಗದ ಕೆಲಸವೆಂದು ಯಾರೂ ಹೇಳಬೇಕಾಗಿಲ್ಲ. 1990ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾಕ್ಟರ್ ಎಂ. ಗೌರಿದೇವಿಯವರೂ ಅವರ ಸಹೋದ್ಯೋಗಿಗಳೂ ಬೆಂಗಳೂರು ನಗರದಲ್ಲಿಯೂ ಗ್ರಾಮಾಂತರದಲ್ಲಿಯೂ ಒಂದು ಲಕ್ಷಕ್ಕೂ ಮಿಗಿಲಾದ ಜನರ ಮನೆಬಾಗಿಲಿಗೆ ಪ್ರಶ್ನಾವಳಿಯನ್ನು ಒಯ್ದು ನರಮಂಡಲದ ರೋಗಗಳ ಗಣನೆಯನ್ನು ಮಾಡಿದರು. ನಗರಕ್ಕಿಂತ ಹಳ್ಳಿಗಳಲ್ಲಿಯೇ ಈ ರೋಗಗಳು ಹೆಚ್ಚೆಂಬುದು ಅದರಿಂದ ತಿಳಿದುಬಂದಿತು. ಆಸ್ಪತ್ರೆಗೆ ಬಂದವರನ್ನು ಮಾತ್ರ ಎಣಿಸುತ್ತ ಕುಳಿತಿದ್ದರೆ ಈ ಸತ್ಯವು ಎಂದಿಗೂ ಹೊರಬೀಳುತ್ತಿರಲಿಲ್ಲ. ಈಗಲೂ ಆಶಾ ಕಾರ್ಯಕರ್ತೆಯರು ಮೂವತ್ತು ವರ್ಷ ತುಂಬಿದವರಿಗಾಗಿ ಬರೆದುಕೊಳ್ಳುವ ತಪಾಸಣಾ ಪಟ್ಟಿಯಲ್ಲಿ ಅಂಗೈ ಅಂಗಾಲುಗಳು ಜುಮ್ಮೆನ್ನುವುವೇ, ಮರಗಟ್ಟುವುವೇ ಎಂಬ ಪ್ರಶ್ನೆಗಳು ಉಂಟು. ಕುಷ್ಠರೋಗವನ್ನು ಬೇಗನೆ ಗುರುತಿಸುವುದು ಅವುಗಳ ಮುಖ್ಯ ಉದ್ದೇಶ. ಮನೆಯ ಬಾಗಿಲಲ್ಲಿ ಆಗಲೇ ಕೇಳಿದ ಪ್ರಶ್ನೆಯ ಉತ್ತರವು ಮಧುಮೇಹದ ವೈದ್ಯನ ಮೇಜಿಗೂ ತಲಪಬೇಕು. ರಾಜ್ಯ ಸರ್ಕಾರದವರು 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭಿಸಿದ ‘ಗೃಹ ಆರೋಗ್ಯ’ದಂತಹ ಯೋಜನೆಗಳ ಕಾಗದದಲ್ಲಿ ಪಾದದ ಹೆಸರಿದ್ದ ಮಾತ್ರಕ್ಕೆ ಸಾರ್ಥಕವಾಗದು, ಕೇಳುವ ಬಾಯಿಯೂ ಮುಟ್ಟುವ ಬೆರಳೂ ಅಲ್ಲಿರಬೇಕು.

ಶಂಕೆಯು ಹುಟ್ಟಿದ ಮೇಲೆ ವೈದ್ಯನ ಕೆಲಸವು ಆರಂಭವಾಗುವುದು, ಮುಗಿಯುವುದಲ್ಲ. ಮರಗಟ್ಟಿದ ಪಾದಕ್ಕೆಲ್ಲ ಸಕ್ಕರೆಯೇ ಕಾರಣವೆಂದು ಭಾವಿಸುವುದು ದೊಡ್ಡ ಪ್ರಮಾದ. ಬಿ12 ಎಂಬ ಜೀವಸತ್ತ್ವದ ಕೊರತೆಯಿಂದಲೂ ನರಗಳು ಕೆಡುತ್ತವೆ. ಮಧುಮೇಹಿಗಳು ಬಹುಕಾಲ ಸೇವಿಸುವ ಮೆಟ್‌ಫಾರ್ಮಿನ್ ಎಂಬ ಗುಳಿಗೆಯೇ ಈ ಕೊರತೆಯನ್ನು ತರಬಹುದು. ಶಾಕಾಹಾರಿಗಳಲ್ಲಿ ಅದರ ಭಯವು ಇನ್ನೂ ಹೆಚ್ಚು. ಕ್ಷಯರೋಗಕ್ಕೆ ಕೊಡುವ ಐಸೋನಿಯಜಿಡ್ ಎಂಬ ಔಷಧವು ನರಗಳನ್ನು ಬಾಧಿಸಬಲ್ಲುದು. ಬಿ6 ಜೀವಸತ್ತ್ವವನ್ನು ಜೊತೆಗೆ ಕೊಟ್ಟರೆ ಅದನ್ನು ತಡೆಯಬಹುದು. ಮದ್ಯಪಾನ, ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ, ಅರ್ಬುದ ರೋಗದ ಕೆಲವು ಔಷಧಗಳು, ಇವೂ ಕಾರಣಗಳೇ. ಕುಷ್ಠರೋಗವು ಸಾರ್ವಜನಿಕ ಸಮಸ್ಯೆಯಾಗಿ ಉಳಿದಿಲ್ಲವೆಂದು 2005ರಲ್ಲಿ ನಮ್ಮ ದೇಶವು ಸಾರಿಕೊಂಡಿತಾದರೂ, ಲೋಕದ ಹೊಸ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಲ್ಲಿಯವರೇ ಆಗಿದ್ದಾರೆ. ಈ ಕಾರಣಗಳಲ್ಲಿ ಹಲವಕ್ಕೆ ಪರಿಹಾರವುಂಟು. ಬೇಗನೆ ಕಂಡುಹಿಡಿದರೆ ನರವು ಚೇತರಿಸಿಕೊಳ್ಳಲೂಬಹುದು. ಕೆಲವೇ ದಿನಗಳಲ್ಲಿ ಕಾಲುಗಳು ಸೋತು ಏಳಲಾಗದಂತಾದರೆ ಮಾತ್ರ ಯಾವ ಹಾಳೆಯನ್ನೂ ತುಂಬುತ್ತ ಕೂಡದೆ ದೊಡ್ಡ ಆಸ್ಪತ್ರೆಗೆ ಧಾವಿಸತಕ್ಕದ್ದು.

ಮಧುಮೇಹದಿಂದಲೇ ನರಗಳು ಕೆಟ್ಟಿದ್ದರೆ, ಉರಿಯನ್ನು ತಗ್ಗಿಸುವ ಔಷಧಗಳುಂಟು. ಆದರೆ ಸತ್ತ ನರವನ್ನು ಬದುಕಿಸುವ ಔಷಧವು ಇನ್ನೂ ದೊರೆತಿಲ್ಲ. ಸಕ್ಕರೆಯನ್ನು ಹತೋಟಿಯಲ್ಲಿಡುವುದು, ಬರಿಗಾಲಿನಲ್ಲಿ ತಿರುಗದಿರುವುದು, ಪ್ರತಿರಾತ್ರಿ ಅಂಗಾಲನ್ನು ನೋಡಿಕೊಳ್ಳುವುದು, ಮೆತ್ತನೆಯ ತಳವುಳ್ಳ ಪಾದರಕ್ಷೆಯನ್ನು ತೊಡುವುದು, ಸಣ್ಣ ಗಾಯಕ್ಕೂ ತಡಮಾಡದೆ ಚಿಕಿತ್ಸೆ ಮಾಡಿಸುವುದು, ಇವೇ ಕಾಲನ್ನು ಉಳಿಸುವ ಮಾರ್ಗಗಳು. ಇವುಗಳನ್ನು ಹುಣ್ಣಾದ ಮೇಲಲ್ಲ, ಮರಗಟ್ಟಿದ ಮೊದಲ ದಿನಗಳಲ್ಲಿಯೇ ಹೇಳಬೇಕು. ಪ್ರಶ್ನಾವಳಿಯ ಪ್ರಯೋಜನವೂ ಇದೇ.

ಆದುದರಿಂದ ಆರೋಗ್ಯ ಇಲಾಖೆಯ ಮುಂದೆ ನಾವು ಐದು ಬೇಡಿಕೆಗಳನ್ನು ಇಡುತ್ತೇವೆ. ಮೊದಲನೆಯದಾಗಿ, ಒರೆಗೆ ಹಚ್ಚಿದ ಕನ್ನಡ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿ ಎಲ್ಲ ಸರ್ಕಾರಿ ಆಸ್ಪತ್ರೆಗಳಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಕಳುಹಿಸಬೇಕು. ಎರಡನೆಯದಾಗಿ, ವಯಸ್ಕರಲ್ಲಿ ಸಾಮಾನ್ಯವಾಗಿ ಬರುವ ಮಧುಮೇಹವು ಪತ್ತೆಯಾದ ದಿನವೇ, ಅನಂತರ ವರ್ಷಕ್ಕೊಮ್ಮೆ ತಪ್ಪದೆ, ಈ ಪ್ರಶ್ನೆಗಳನ್ನು ಕೇಳಿ ರೋಗಿಯ ಚೀಟಿಯಲ್ಲಿಯೇ ಬರೆಯತಕ್ಕದ್ದು. ಮೂರನೆಯದಾಗಿ, ಉತ್ತರವು ಏನೇ ಇರಲಿ, ಚಪ್ಪಲಿ ತೆಗೆಯಿಸಿ ಎರಡೂ ಪಾದಗಳನ್ನು ನೋಡಿ ಮುಟ್ಟತಕ್ಕದ್ದು. ಇಲ್ಲವೆಂದವನ ಪಾದವನ್ನಂತೂ ಬಿಡಲೇಕೂಡದು. ನಾಲ್ಕನೆಯದಾಗಿ, ಶಂಕೆ ಬಂದವನನ್ನು ಎಲ್ಲಿಗೆ ಕಳುಹಿಸಬೇಕು, ಅಲ್ಲಿ ಯಾವ ರಕ್ತಪರೀಕ್ಷೆಗಳಾಗಬೇಕು, ಎಷ್ಟು ದಿನಗಳೊಳಗೆ ಎಂಬುದು ನಿಶ್ಚಿತವಾಗಿರಬೇಕು. ಐದನೆಯದಾಗಿ, ಈ ಕೆಲಸವನ್ನು ಆಶಾ ಕಾರ್ಯಕರ್ತೆಯರಿಗೂ ಶುಶ್ರೂಷಕಿಯರಿಗೂ ವಹಿಸುವುದಾದರೆ ಅವರಿಗೆ ತಕ್ಕ ಶಿಕ್ಷಣವನ್ನೂ ತಕ್ಕ ವೇತನವನ್ನೂ ಕೊಡಬೇಕು; ಹೊರೆಯನ್ನು ಮಾತ್ರ ಹೊರಿಸಿ ಫಲವನ್ನು ಬಯಸುವುದು ಸಲ್ಲದು.

ಇವು ಬೊಕ್ಕಸವನ್ನು ಬರಿದುಮಾಡುವ ಬೇಡಿಕೆಗಳಲ್ಲ. ಕಾಗದವೂ ನೈಲಾನಿನ ಎಳೆಯೂ ಅಗ್ಗವಾದವು. ದುಬಾರಿಯಾದುದು ಅಧಿಕಾರಿಗಳ ಅವಧಾನವೊಂದೇ. ಆಜ್ಞೆಯನ್ನು ಹೊರಡಿಸಿ ಕೈತೊಳೆದುಕೊಳ್ಳದೆ, ಹೊರಡಿಸಿದ ಆರು ತಿಂಗಳಿಗೆ ಯಾವುದಾದರೊಂದು ತಾಲ್ಲೂಕು ಆಸ್ಪತ್ರೆಗೆ ಹೋಗಿ ಹತ್ತು ಮಂದಿ ಮಧುಮೇಹಿಗಳ ಚೀಟಿಗಳನ್ನು ತೆರೆದು ನೋಡುವ ಅಧಿಕಾರಿಗಳು ನಮಗೆ ಬೇಕು. ನಮ್ಮ ವಾಚಕರ ಕರ್ತವ್ಯವೂ ಇಲ್ಲದಿಲ್ಲ. ಮನೆಯಲ್ಲಿ ಸಕ್ಕರೆಯ ಕಾಯಿಲೆಯುಳ್ಳ ತಂದೆಯೋ ತಾಯಿಯೋ ಇದ್ದರೆ, ಇಂದು ರಾತ್ರಿಯೇ ಅವರ ಬಳಿ ಕುಳಿತು ಪಾದಗಳಲ್ಲಿ ಉರಿಯುಂಟೇ, ಮರಗಟ್ಟುವುದುಂಟೇ, ಚಪ್ಪಲಿ ಜಾರಿದುದು ತಿಳಿಯುವುದೇ ಎಂದು ಕೇಳಲಿ. ಕಣ್ಣು ಮುಚ್ಚಿಸಿ ಆರು ಬೆರಳುಗಳನ್ನು ಮುಟ್ಟಿ ನೋಡಲಿ. ಶಂಕೆ ಬಂದರೆ ನಾಳೆಯೇ ವೈದ್ಯರಲ್ಲಿಗೆ ಕರೆದುಕೊಂಡು ಹೋಗಲಿ. ಬಾರದಿದ್ದರೆ ಸಂತೋಷವೇ, ಆದರೂ ಮುಂದಿನ ಸಲ ಆಸ್ಪತ್ರೆಗೆ ಹೋದಾಗ, ಚೀಟಿಯನ್ನು ಮಡಿಸಿಕೊಂಡು ಏಳುವ ಮೊದಲು ಚಪ್ಪಲಿ ಕಳಚಿ, “ಸ್ವಾಮಿ, ಪಾದವನ್ನೊಮ್ಮೆ ನೋಡಿರಿ” ಎಂದು ಕೇಳುವುದನ್ನು ಮರೆಯದಿರಲಿ.